ರೂಟರ್‌ಗೆ "ಸೆಕ್ಯುರಿಟಿ ಸೆಟ್ಟಿಂಗ್" ಅಂತ ದುಡ್ಡು ಕೇಳಿದರೆ ಹುಷಾರ್, ರಾಯಚೂರಿನವರೇ

ಗಂಜ್‌ನಲ್ಲಿ ನಮ್ಮದು ಸಣ್ಣ ಅಡತ್ ಅಂಗಡಿ. ಹತ್ತಿ ಸೀಸನ್‌ನಲ್ಲಿ ದಿನವಿಡೀ ಆನ್‌ಲೈನ್ ಪೇಮೆಂಟ್. ಅದಕ್ಕೇ ಇಂಟರ್ನೆಟ್ ಹಾಕಿಸುವಾಗ, ಹೊರಗಿನವರು ಯಾರೂ ಒಳಗೆ ನುಗ್ಗಬಾರದು ಅಂತ ಮೊದಲೇ ಹೇಳಿದ್ದೆ. ಕನೆಕ್ಷನ್ ಕೊಡಲು ಬಂದವನು ಬಿಲ್‌ನಲ್ಲಿ ಬೇರೆ ಸಾಲೇ ಬರೆದ: ಸೆಕ್ಯುರಿಟಿ ಸೆಟ್ಟಿಂಗ್, 1,500 ರೂಪಾಯಿ. ಕೊಟ್ಟೆ.

ಮೊನ್ನೆ ಗುಮಾಸ್ತರು ಬ್ಯಾಂಕ್ ಸೈಟ್ ತೆರೆದರೆ, ಸುರಕ್ಷಿತ ಅಲ್ಲ ಅಂತ ಬ್ರೌಸರ್ ಎಚ್ಚರಿಕೆ ತೋರಿಸಿತು. ಮೊಬೈಲ್ ಡೇಟಾದಲ್ಲಿ ಅದೇ ಸೈಟ್ ಸರಿಯಾಗಿ ಬಂತು. ವೈಫೈಗೆ ಬಂದರೆ ಮತ್ತೆ ಅದೇ ಗೋಳು. ಕನೆಕ್ಷನ್ ಕೊಟ್ಟವನಿಗೆ ಫೋನ್ ಮಾಡಿದೆ.

"ಬ್ಯಾಂಕಿನವರ ಸರ್ವರ್ ಡೌನ್ ಇರ್ತದ್ರಿ ಸರ. ಅಡ್ವಾನ್ಸ್ಡ್ ಒತ್ತಿ ಮುಂದಕ ಹೋಗ್ರಿ."

ಮುಂದಕ್ಕೆ ಹೋಗಬೇಕಂತೆ! ಹೋಗಿದ್ದರೆ ನಮ್ಮ ಪಾಸ್‌ವರ್ಡ್ ಯಾರ ಕೈ ಸೇರುತ್ತಿತ್ತೋ.

ಅಕ್ಕನ ಮಗ ಬಂದು ರೂಟರ್‌ನ ಸೆಟ್ಟಿಂಗ್ ಪೇಜ್ ತೆರೆದ. ಯೂಸರ್‌ನೇಮ್ ಅಡ್ಮಿನ್, ಪಾಸ್‌ವರ್ಡ್ ಕೂಡ ಅಡ್ಮಿನ್. ತೆರೆದೇಬಿಟ್ಟಿತು! ಪಕ್ಕದಲ್ಲಿ ಗುಮಾಸ್ತರು, ಎದುರಿಗೆ ಇಬ್ಬರು ರೈತರು. ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ರಿಮೋಟ್ ಮ್ಯಾನೇಜ್‌ಮೆಂಟ್ ಆನ್ ಇತ್ತು. ಅಂದರೆ ಎಲ್ಲೋ ಕೂತವರೂ ಈ ಪೇಜ್‌ಗೆ ಬರಬಹುದು. ಡಿಎನ್‌ಎಸ್ ಜಾಗದಲ್ಲಿ ಯಾವುದೋ ಗುರುತಿಲ್ಲದ ನಂಬರ್. ಸೈಟ್ ಹೆಸರು ಹೊಡೆದರೆ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳೋದೇ ಡಿಎನ್‌ಎಸ್. ಅದನ್ನೇ ಯಾರೋ ತಿರುಗಿಸಿದ್ದರು.

ಮತ್ತೆ ಫೋನ್. "ಪಾಸ್‌ವರ್ಡ್ ಬದಲಿಸಿದ್ರ ನಮಗ ಸರ್ವೀಸಿಗೆ ತ್ರಾಸ್ ಆಗ್ತದ್ರಿ. ಊರಾಗೆಲ್ಲಾ ಹಿಂಗಾ ಇಟ್ಟೀವಿ." ಊರಲ್ಲೆಲ್ಲಾ! ಹಾಗಾದರೆ 1,500 ಯಾತಕ್ಕೆ? "ವೈಫೈಗೆ ಪಾಸ್‌ವರ್ಡ್ ಹಾಕಿ ಕೊಟ್ಟೀವಲ್ರಿ." ಆ ಪಾಸ್‌ವರ್ಡ್ ಏನು ಗೊತ್ತಾ? ನಮ್ಮ ಅಂಗಡಿ ಹೆಸರು, ಮುಂದೆ 123. ಬೋರ್ಡ್ ಓದೋಕೆ ಬಂದರೆ ಸಾಕು.

"ನಿಮ್ಮ ಅಂಗಡಿ ಯಾರ್ ಹ್ಯಾಕ್ ಮಾಡ್ತಾರ್ರಿ" ಅಂತ ನಗು ಬೇರೆ. ಅಂಗಡಿ ಹುಡುಕಿಕೊಂಡು ಯಾರೂ ಬರಲ್ಲ ಮಾರಾಯ. 2016ರಲ್ಲಿ ಮಿರಾಯ್ ಅನ್ನೋ ವೈರಸ್ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳಿಗೆ ನುಗ್ಗಿದ್ದು ಕಂಪನಿಯಿಂದ ಬಂದ ಹಾಗೇ ಬಿಟ್ಟ ಇಂಥ ಪಾಸ್‌ವರ್ಡ್‌ಗಳಿಂದಲೇ. ಪ್ರೋಗ್ರಾಂ ತಾನೇ ಹುಡುಕುತ್ತೆ.

ರೀಸೆಟ್ ಮಾಡೋಣ ಅಂದರೆ ಸೆಟ್ಟಿಂಗ್ ಎಲ್ಲಾ ಅಳಿಸಿಹೋಗುತ್ತೆ; ಮತ್ತೆ ನೆಟ್ ಬರೋಕೆ ಬೇಕಾದ ಲಾಗಿನ್, ಅಂದರೆ ಕನೆಕ್ಷನ್‌ನ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಕೊಡಲೂ ಸತಾಯಿಸಿದ. ನೀವು ಹಾಕಿಸುವ ದಿನವೇ ಅದನ್ನು ಬರೆಸಿಕೊಳ್ಳಿ. ಅಡ್ಮಿನ್ ಪಾಸ್‌ವರ್ಡ್ ಅವನ ಎದುರೇ ಬದಲಿಸಿ. ರಿಮೋಟ್ ಮ್ಯಾನೇಜ್‌ಮೆಂಟ್, ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಹೊಡೆಯದೆ ಬಟನ್ ಅಥವಾ ಪಿನ್‌ನಿಂದ ವೈಫೈ ಸೇರೋ ವ್ಯವಸ್ಥೆ) ಎರಡೂ ಆಫ್ ಮಾಡಿ. ಫರ್ಮ್‌ವೇರ್, ಅಂದರೆ ರೂಟರ್ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಇದ್ದರೆ ಹಾಕಿ. ಇದಕ್ಕೆಲ್ಲಾ ಯಾರಿಗೂ ಒಂದು ಪೈಸೆ ಕೊಡಬೇಕಿಲ್ಲ.

ದುಡ್ಡು ವಾಪಸ್ ಕೇಳಿದ್ದೇನೆ. "ಮುಂದಿನ ಬಿಲ್ಲಿನಾಗ ಅಡ್ಜಸ್ಟ್ ಮಾಡೋಣ್ರಿ" ಅಂದಿದ್ದಾನೆ. ಮುಂದಿನ ಬಿಲ್ ಬಂತು. ಪೂರ್ತಿ ಬಂತು.