ಜೋಮು ಹಿಡಿಯುವ ಕಾಲಿಗೆ ಎಂಸಿಆರ್ ಚಪ್ಪಲಿ: ಬಳ್ಳಾರಿಯಲ್ಲಿ ಬಳಸಿ ನೋಡಿದ ಮೇಲೆ

ಎಂಸಿಆರ್ ಅನ್ನೋ ಮೆತ್ತನೆ ರಬ್ಬರಿನ ಚಪ್ಪಲಿ ನೋಡೋಕೆ ಅಷ್ಟೇನೂ ಚೆನ್ನಾಗಿಲ್ಲ. ಕಪ್ಪು, ದಪ್ಪ, ಅಗಲ. ಆದರೂ ಶುಗರ್ ಇದ್ದು ಅಂಗಾಲಿಗೆ ಸ್ಪರ್ಶ ಕಡಿಮೆಯಾದವರ ಮನೆಯಲ್ಲಿ ಇದು ಇರಲೇಬೇಕು ಅಂತ ನನಗೆ ಖಾತ್ರಿಯಾಗಿದೆ.

ನಮ್ಮ ಅವ್ವಗೆ ಶುಗರ್ ಬಂದು ಬಹಳ ವರ್ಷ ಆಯಿತು. ಮೊದಲು ಅಂಗಾಲು ಉರಿ ಅನ್ನುತ್ತಿದ್ದಳು, ಆಮೇಲೆ ಜೋಮು. ಒಂದು ಸಲ ಹವಾಯಿ ಚಪ್ಪಲಿ ಆಟೋದಲ್ಲೇ ಕಳಚಿ ಬಿದ್ದಿದೆ, ಅವಳಿಗೆ ಗೊತ್ತೇ ಆಗಿಲ್ಲ. ಡಾಕ್ಟರು ಕಣ್ಣು ಮುಚ್ಚಿಸಿ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿದರು. ಎಳೆ ಬಾಗುವಾಗ ಬೀಳುವ ಭಾರ 10 ಗ್ರಾಂ ಅಷ್ಟೇ. ಹೆಬ್ಬೆರಳ ಬುಡದಲ್ಲಿ ಒತ್ತಿದಾಗ ಅವ್ವ ಹೂಂ ಅನ್ನಲೇ ಇಲ್ಲ. ಬೆನ್ನುಹುರಿಯಿಂದ ಕಾಲ್ಬೆರಳಿಗೆ ಬರುವ ನರದ ಎಳೆ ಸುಮಾರು ಒಂದು ಮೀಟರ್ ಉದ್ದ. ಇಂಥ ಉದ್ದದ ಎಳೆಗಳಿಗೇ ಶುಗರ್ ಪೆಟ್ಟು ಮೊದಲು ಬೀಳುತ್ತದಂತೆ. ಅದಕ್ಕೇ ತೊಂದರೆ ಪಾದದಿಂದ ಶುರುವಾಗುತ್ತದೆ.

ಎಂಸಿಆರ್ ಅಂದರೆ ಮೈಕ್ರೋಸೆಲ್ಯುಲರ್ ರಬ್ಬರ್, ಒಳಗೆಲ್ಲ ಸಣ್ಣ ಸಣ್ಣ ಗಾಳಿಗುಳ್ಳೆ ಇರುವ ಮೆತ್ತನೆ ರಬ್ಬರ್. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಮತ್ತು ಜೊತೆಗಾರರು ಕುಷ್ಠರೋಗದಿಂದ ಸ್ಪರ್ಶ ಹೋದ ಪಾದಗಳಿಗೆ ಇದನ್ನು ಬಳಸಿದರು. ಶುಗರ್ ಪಾದದ ಕಷ್ಟವೂ ಅದೇ ಅಲ್ವಾ? ಕಲ್ಲು ಚುಚ್ಚಿದರೂ ನೋವಿಲ್ಲ, ನೋವಿಲ್ಲ ಅಂತ ಅದೇ ಗಾಯದ ಮೇಲೆ ನಡೆಯುತ್ತಾರೆ.

ನಾವು ಮಾಡಿಸಿದ್ದು ಬ್ರೂಸ್‌ಪೇಟೆಯ ಸಣ್ಣ ಅಂಗಡಿಯಲ್ಲಿ. ಬೆಳಿಗ್ಗೆ ಹೋದರೆ ಅಂಗಡಿಯವರು ಅಳತೆ ತಗೊಳ್ಳಲಿಲ್ಲ. "ಸಂಜಿಗೆ ಬರ್ರಿ ಅಮ್ಮ, ಕಾಲು ಆಗ ಸ್ವಲ್ಪ ಊದಿರ್ತಾವ" ಅಂದರು. ಸಂಜೆ ಅವ್ವನನ್ನು ರಟ್ಟಿನ ಮೇಲೆ ನಿಲ್ಲಿಸಿ, ಪೆನ್ಸಿಲ್ ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆದರು. ಆಣಿ ಇದ್ದ ಜಾಗವನ್ನು ಬೆರಳಿಂದ ಒತ್ತಿ ನೋಡಿ ಅಲ್ಲಿ ಗುರುತು ಹಾಕಿದರು. ಹಿಮ್ಮಡಿಗೆ ಪಟ್ಟಿ ಇಟ್ಟರು, ಇಲ್ಲದಿದ್ದರೆ ಚಪ್ಪಲಿ ಮತ್ತೆ ಗೊತ್ತಾಗದೆ ಕಳಚಿ ಹೋಗುತ್ತದೆ. ಬೆರಳ ಸಂದಿಯಲ್ಲಿ ಉಜ್ಜುವ ಪಟ್ಟಿ ಬೇಡ ಅಂದರು. ಮೊದಮೊದಲು ಒಂದೆರಡು ಗಂಟೆ ಮಾತ್ರ ಹಾಕಿ, ತೆಗೆದು, ಎಲ್ಲಾದರೂ ಕೆಂಪಾಗಿದೆಯಾ ನೋಡಿ ಅಂತ ಹೇಳಿ ಕಳಿಸಿದರು. ಇಷ್ಟು ಜತನದಿಂದ ಕೆಲಸ ಮಾಡುವವರಿಗೆ 800 ರೂಪಾಯಿ ಜಾಸ್ತಿ ಅಲ್ಲ.

ಕೊರತೆಯೂ ಇದೆ. ವೆಲ್ಕ್ರೋ ಪಟ್ಟಿಗೆ ನಮ್ಮೂರ ಕೆಂಪು ಧೂಳು ತುಂಬಿ ಬೇಗ ಹಿಡಿತ ಬಿಡುತ್ತದೆ. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದರೆ ಸ್ವಲ್ಪ ಸರಿಹೋಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಬಾಗಿಲ ಹೊರಗೆ ಬಿಟ್ಟರೆ ಕಪ್ಪು ರಬ್ಬರ್ ಸುಡುತ್ತದೆ, ಅವ್ವನ ಅಂಗಾಲಿಗೆ ಅದು ತಿಳಿಯುವುದಿಲ್ಲ. ಹಾಗಾಗಿ ನೆರಳಲ್ಲೇ ಇಡಬೇಕು, ಹಾಕುವ ಮುಂಚೆ ಕೈಯಿಂದ ಮುಟ್ಟಿ ನೋಡಬೇಕು, ಒಳಗೆ ಕಲ್ಲು ಸೇರಿದೆಯಾ ಅಂತ ಕೊಡವಬೇಕು.

ನಿಜವಾದ ತೊಡಕು ಮನೆ ಒಳಗೆ. ನಮ್ಮಲ್ಲಿ ಯಾರು ಮನೆಯಲ್ಲಿ ಚಪ್ಪಲಿ ಹಾಕುತ್ತಾರೆ? ಅಡುಗೆಮನೆ, ದೇವರ ಮನೆ ಇರುವ ಕಡೆ ಅವ್ವ ಒಪ್ಪಲೇ ಇಲ್ಲ. ಆದರೆ ಸೂಜಿ ಚುಚ್ಚುವುದು, ಬಿಸಿ ಚೆಲ್ಲುವುದು, ಹೊಸ್ತಿಲು ಎಡವುವುದು ಹೆಚ್ಚಾಗಿ ಅಲ್ಲೇ. ಮನೆಗೆ ಅಂತಲೇ ಬೇರೆ ಜೊತೆ ಮಾಡಿಸಿದ ಮೇಲೆ ಒಪ್ಪಿದಳು. ಹೊರಗೆ ಒಯ್ಯದ ಚಪ್ಪಲಿಗೆ ಮಡಿಯ ಅಡ್ಡಿ ಇಲ್ಲವಂತೆ. ಕನಕ ದುರ್ಗಮ್ಮನ ಗುಡಿಗೆ ಹೋಗುವಾಗ ಬೆಳಗ್ಗೆ ಬೇಗ ಹೋಗುತ್ತಾಳೆ, ಕಾಲಿಗೆ ಬಿಳಿ ಕಾಟನ್ ಸಾಕ್ಸ್. ಬಿಳಿ ಯಾಕೆ ಅಂದರೆ ಗಾಯವಾಗಿ ರಕ್ತ ಬಂದರೆ ಕಲೆ ತಕ್ಷಣ ಕಾಣುತ್ತದೆ. ರಾತ್ರಿ ಮಲಗುವ ಮುಂಚೆ ಅಂಗಾಲ ಕೆಳಗೆ ಕನ್ನಡಿ ಹಿಡಿದು ನೋಡುವುದು, ಬೆರಳ ಸಂದಿ ಒಣಗಿಸುವುದು ಈಗ ರೂಢಿಯಾಗಿದೆ. ಸ್ನಾನದ ನೀರಿನ ಬಿಸಿಯನ್ನು ಮೊಣಕೈ ಅದ್ದಿ ನೋಡುತ್ತಾಳೆ, ಕಾಲಿಂದ ಅಲ್ಲ.

ಚಪ್ಪಲಿ ಗಾಯ ತಪ್ಪಿಸುತ್ತದೆ, ನರವನ್ನು ವಾಸಿ ಮಾಡುವುದಿಲ್ಲ. ನರ ಇನ್ನಷ್ಟು ಹಾಳಾಗದಿರಲು ಶುಗರ್ ಹತೋಟಿಯಲ್ಲಿರಬೇಕು, ಬೀಡಿ ಸಿಗರೇಟು, ಕುಡಿತ ಬಿಡಬೇಕು. ಬಿ12 ವಿಟಮಿನ್ ಪರೀಕ್ಷೆಯನ್ನೂ ಮಾಡಿಸಿ. ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ವರ್ಷಗಟ್ಟಲೆ ತಗೊಂಡರೆ ಅದು ಕಡಿಮೆಯಾಗಬಹುದು, ಜೋಮಿಗೆ ಅದೂ ಒಂದು ಕಾರಣ. ರೊಟ್ಟಿ, ಬೇಳೆ, ಪಲ್ಯದಲ್ಲಿ ಬಿ12 ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನಿನಲ್ಲಿದೆ. ಕಾಲಿಗೆ ಸ್ಪರ್ಶ ಇಲ್ಲದವರಿಗೆ ಬಿಸಿನೀರಿನ ಚೀಲ ಇಡಬೇಡಿ, ದಯವಿಟ್ಟು.

ರಬ್ಬರನ್ನು ಆಗಾಗ ಹೆಬ್ಬೆರಳಿಂದ ಒತ್ತಿ ನೋಡಿ. ತಗ್ಗು ಹಾಗೇ ಉಳಿದರೆ ಬದಲಿಸಿ. ಅವ್ವನ ಹೊರಗಿನ ಜೊತೆಯಲ್ಲಿ ಹಿಮ್ಮಡಿ ಕಡೆ ಕುಗ್ಗಲು ಶುರುವಾಗಿದೆ. ಅದೇ ಅಂಗಡಿಗೆ ಹೋಗುತ್ತೇವೆ, ಈ ಸಲ ವೆಲ್ಕ್ರೋ ಬದಲು ಬಕಲ್ ಹಾಕಿಕೊಡಿ ಅಂತ ಹೇಳಿಟ್ಟಿದ್ದೇನೆ.