ಎಂಜಿನ್ ಬದಲಿಸಿದೆ ಅಂತ ಹೇಳಿ ನಮ್ಮದೇ ಎಂಜಿನ್‌ಗೆ ಬಣ್ಣ ಹೊಡೆದು ಕೊಟ್ಟ! ಹಳೇ ಮಾರುತಿ 800 ಇರೋರು ಹುಷಾರ್

ಹುಬ್ಬಳ್ಳಿ-ಧಾರವಾಡದಲ್ಲಿ ಹಳೇ ಕಾರ್ಬೊರೇಟರ್ ಮಾರುತಿ 800 ಇಟ್ಟುಕೊಂಡಿರೋರು ದಯವಿಟ್ಟು ಪೂರ್ತಿ ಓದಿ. ಎಂಜಿನ್ ಬದಲಿಸೋ ಯೋಚನೆ ಇದ್ದರಂತೂ ಓದಲೇಬೇಕು. 32,300 ರೂಪಾಯಿ ಕೊಟ್ಟು ನಮ್ಮ ಎಂಜಿನ್ನನ್ನೇ ನಾನು ವಾಪಸ್ ತಂದಿದ್ದೇನೆ. ಬರೆಯೋಕೂ ನಾಚಿಕೆ ಆಗ್ತಿದೆ. ಆದ್ರೂ ಬರೀತೀನಿ, ಇನ್ನೊಬ್ಬರಿಗೆ ಹೀಗಾಗಬಾರದು.

ಗಾಡಿ ನಮ್ಮ ಅಪ್ಪಾಜಿಯದು, 1997ರ ಮಾಡೆಲ್, ಕೆಎ-25. ಒಂದೆರಡು ವರ್ಷದಿಂದ ನೀಲಿ ಹೊಗೆ ಬಿಡ್ತಿತ್ತು, ಆಯಿಲ್ ಕುಡೀತಿತ್ತು. ನೀಲಿ ಹೊಗೆ ಅಂದ್ರೆ ಆಯಿಲ್ ಒಳಗೆ ಸೋರಿ ಉರೀತಿದೆ, ಪಿಸ್ಟನ್ ರಿಂಗ್ ಇಲ್ಲಾ ವಾಲ್ವ್ ಸೀಲ್ ಹೋಗಿದೆ ಅಂತ ಗಾಡಿ ಇಟ್ಟುಕೊಂಡೋರಿಗೆ ಗೊತ್ತೇ ಇರುತ್ತೆ. ರೀಬೋರ್ ಮಾಡಿಸೋಣ, ಅಂದ್ರೆ ಸವೆದ ಸಿಲಿಂಡರ್ ಕೊರೆಸಿ ಹೊಸ ಪಿಸ್ಟನ್, ರಿಂಗ್ ಹಾಕಿಸೋಣ ಅಂತ ಒಂದು ಗ್ಯಾರೇಜ್‌ಗೆ ಹೋದೆ. ಹೆಸರು ಬರೆಯೋದಿಲ್ಲ.

ಮಿಸ್ತ್ರಿ ಅಂದ: "ರೀಬೋರ್ ಮಾಡಸೂದು ಸುಮ್ನ ರೊಕ್ಕ ದಂಡ ಸರ. ಒಂದ್ ಆಕ್ಸಿಡೆಂಟ್ ಗಾಡಿದು ಎಂಜಿನ್ ಐತಿ, ಭಾಳ ಓಡಿಲ್ಲ. ಹಿಂದಿಂದ ಗುದ್ದೇತಿ, ಎಂಜಿನ್‌ಗೆ ಏನೂ ಆಗಿಲ್ಲ."

ಮಾರುತಿ ಓಮ್ನಿ ವ್ಯಾನಿದಲ್ಲ ತಾನೇ ಅಂತ ಕೇಳಿದೆ. ಓಮ್ನಿಯದೂ ಅದೇ 796 ಸಿಸಿ ಮೂರು ಸಿಲಿಂಡರ್. ಆದರೆ ಅದರಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೆ ಉದ್ದಕ್ಕೆ ಕೂತಿರುತ್ತೆ, ಹಿಂದಿನ ಗಾಲಿಗೆ ಓಡುತ್ತೆ. 800ರಲ್ಲಿ ಅಡ್ಡ ಕೂತು ಮುಂದಿನ ಗಾಲಿಗೆ ಓಡುತ್ತೆ. ಎಂಜಿನ್ ಕೂರಿಸೋ ಮೌಂಟಿಂಗ್, ಕೆಳಗೆ ಆಯಿಲ್ ನಿಲ್ಲೋ ಸಂಪ್ ಎಲ್ಲಾ ಬೇರೆ. "ಏ ಇಲ್ರೀ ಸರ, ಪಕ್ಕಾ ಎಂಟುನೂರರದ" ಅಂದ. ಮೂಲೆಯಲ್ಲಿ ತಾಡಪತ್ರಿ ಮುಚ್ಚಿದ್ದ ಒಂದು ಎಂಜಿನ್ ತೋರಿಸಿದ. ನಾನು ಕಣ್ಣಾರೆ ನೋಡಿದ್ದೇನೆ. ಎಂಜಿನ್ ಇತ್ತು. ನನ್ನ ಗಾಡಿಗೆ ಬರಲಿಲ್ಲ ಅಷ್ಟೇ.

ಕೆಲಸ ಮುಗಿಸಿ ಗಾಡಿ ವಾಪಸ್ ಕೊಟ್ಟಾಗ ಬಾನೆಟ್ ತೆಗೆದು ತೋರಿಸಿದ. ಬೆಳ್ಳಿ ಬಣ್ಣ ಹೊಡೆದ ಎಂಜಿನ್, ಹೊಸ ಪ್ಲಗ್, ಹೊಸ ಏರ್ ಫಿಲ್ಟರ್, ಫಳಫಳ ಅಂತಿತ್ತು. ಹೊಗೆ ಇಲ್ಲ, ಸದ್ದಿಲ್ಲ. ಬಿಲ್ ಕೇಳಿದರೆ ಚೀಟಿ ಬರೆದುಕೊಟ್ಟ. ಎಂಜಿನ್ 26,000. ಲೇಬರ್ 6,500. ಆಯಿಲ್, ಕೂಲಂಟ್ 2,300. ಕೆಳಗೆ ಇನ್ನೊಂದು ಸಾಲು: ಹಳೇ ಎಂಜಿನ್ ಗುಜರಿ, 2,500 ಕಳೆ.

"ನಿಮ್ಮ ಹಳೇ ಎಂಜಿನ್ ಗುಜರಿಗೆ ಹಾಕೀನ್ರಿ, ಅದರ ರೊಕ್ಕ ನಾ ಇಟ್ಕೊಳ್ಳಾಂಗಿಲ್ಲ, ಬಿಲ್‌ನಾಗ ಕಳದೀನಿ" ಅಂದ. ಎಷ್ಟು ನಿಯತ್ತಿನ ಮನುಷ್ಯ ಅಂದುಕೊಂಡೆ ನಾನು. ಮನೆಗೆ ಬಂದು ಅಪ್ಪಾಜಿಗೂ ಹಾಗೇ ಹೇಳಿದೆ. ಈ ಒಂದು ಸಾಲು ನೆನಪಾದರೆ ಈಗಲೂ ಮೈ ಉರಿಯುತ್ತೆ.

ಕೆಲವು ವಾರ ಚೆನ್ನಾಗಿತ್ತು. ಆಮೇಲೆ ಒಂದು ಶನಿವಾರ ಅವ್ವನನ್ನು ಕರೆದುಕೊಂಡು ನುಗ್ಗಿಕೇರಿ ಹನುಮಪ್ಪನ ಗುಡಿಗೆ ಹೊರಟಿದ್ದೆ. ಉಣಕಲ್ ಹತ್ತಿರ ಬೈಕಿನವನೊಬ್ಬ ಪಕ್ಕಕ್ಕೆ ಬಂದು "ಸರ, ಗಾಡಿ ಭಾಳ ಹೊಗಿ ಬಿಡಾಕತ್ತೈತ್ರಿ" ಅಂದ. ಅದೇ ನೀಲಿ ಹೊಗೆ.

ಆಗಲೂ ನನಗೆ ಅನುಮಾನ ಬರಲಿಲ್ಲ. ಸೆಕೆಂಡ್ ಹ್ಯಾಂಡ್ ಎಂಜಿನ್ ಅಲ್ವಾ, ಅದೂ ಸವೆದಿರಬೇಕು ಅಂದುಕೊಂಡೆ. ಗೊತ್ತಾಗಿದ್ದು ಆರ್‌ಸಿ ವಿಷಯಕ್ಕೆ. ಎಂಜಿನ್ ಬದಲಾದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ 14 ದಿನದೊಳಗೆ ಆರ್‌ಟಿಓಗೆ ತಿಳಿಸಿ ಆರ್‌ಸಿಯಲ್ಲಿ ಹೊಸ ನಂಬರ್ ಹಾಕಿಸಬೇಕು. ಆ ಎಂಜಿನ್ನಿನ ಕಾಗದ ಕೊಡು ಅಂತ ಮಿಸ್ತ್ರಿಗೆ ಕೇಳುತ್ತಲೇ ಇದ್ದೆ, "ನಾಳೆ ಕೊಡ್ತೀನ್ರಿ, ನಾಡಿದ್ದು ಕೊಡ್ತೀನ್ರಿ" ಅಂತಲೇ ಇದ್ದ. ಕಡೆಗೆ ನಂಬರನ್ನಾದರೂ ಬರೆದುಕೊಳ್ಳೋಣ ಅಂತ ಟಾರ್ಚ್ ಹಿಡಿದು ನೋಡಿದೆ. ಬ್ಲಾಕ್ ಮೇಲೆ ಕೊರೆದ ನಂಬರ್ ಪೂರ್ತಿ ಬಣ್ಣದಲ್ಲಿ ಮುಚ್ಚಿತ್ತು. ಅರಿವೆಗೆ ಥಿನ್ನರ್ ಹಾಕಿ ತಿಕ್ಕಿದೆ. ಬೆಳ್ಳಿ ಬಣ್ಣ ಬಿಟ್ಟಿತು, ಕೆಳಗೆ ಕರೀ ಜಿಡ್ಡು, ವರ್ಷಗಟ್ಟಲೆ ಹಳೇ ಜಿಡ್ಡು. ಅದರ ಕೆಳಗೆ ಎಫ್8ಬಿ (800ರ ಈ ಎಂಜಿನ್ನಿನ ಮಾಡೆಲ್ ಹೆಸರು) ಅಂತ ಶುರುವಾಗೋ ನಂಬರ್. ಬರೆದುಕೊಂಡೆ. ಆರ್‌ಸಿ ಪಕ್ಕಕ್ಕೆ ಹಿಡಿದೆ.

ಅದೇ ನಂಬರ್. ಒಂದಂಕಿ ಆಚೀಚೆ ಇಲ್ಲ. ನಮ್ಮದೇ ಎಂಜಿನ್. ಗುಜರಿಗೆ ಹಾಕಿ 2,500 ಕಳೆದಿದ್ದೀನಿ ಅಂದನಲ್ಲ, ಅದೇ ಎಂಜಿನ್!

ಗ್ಯಾರೇಜ್‌ಗೆ ಹೋದೆ. ಅವನ ಉತ್ತರ ಕೇಳಿ: "ಆರ್‌ಟಿಓದಾಗ ನಿಮಗ ತ್ರಾಸ ಆಗಬಾರ್ದು ಅಂತ ಬ್ಲಾಕ್ ನಿಮ್ಮದ ಇಟ್ಟೀನ್ರೀ ಸರ. ಒಳಗಿಂದೆಲ್ಲಾ ಆ ಎಂಜಿನ್ನಿಂದು." ಒಂದು ಕ್ಷಣ ನನಗೂ ಹೌದೇನೋ ಅನ್ನಿಸಿಬಿಟ್ಟಿತು, ಅಷ್ಟು ಧೈರ್ಯವಾಗಿ ಹೇಳಿದ. ಹಾಗಾದ್ರೆ ಗುಜರಿಗೆ ಏನು ಹಾಕಿದಿ? "ಒಳಗಿನ ಸಾಮಾನ್ರೀ."

ಧಾರವಾಡದಲ್ಲಿ ಬೇರೆ ಮಿಸ್ತ್ರಿ ಹತ್ತಿರ ಕಂಪ್ರೆಶನ್, ಅಂದ್ರೆ ಸಿಲಿಂಡರ್ ಒಳಗಿನ ಒತ್ತಡ, ಚೆಕ್ ಮಾಡಿಸಿದೆ. ಪ್ಲಗ್ ಬಿಚ್ಚಿ ಆ ಜಾಗಕ್ಕೆ ಗೇಜ್ ಹಾಕಿ ಸೆಲ್ಫ್ ಹೊಡೀತಾರೆ. ಮೂರೂ ಸಿಲಿಂಡರ್ ಹೆಚ್ಚುಕಡಿಮೆ ಒಂದೇ ತೋರಿಸಬೇಕು. ಮೂರನೆಯದು ಪೂರಾ ಕೆಳಗಿತ್ತು. ಪ್ಲಗ್ ತೂತಿನಿಂದ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಮುಳ್ಳು ಮೇಲೆ ಹೋಯಿತು. ರಿಂಗಿನ ಸಂದನ್ನು ಆಯಿಲ್ ಮುಚ್ಚಿದ್ದಕ್ಕೇ ಒತ್ತಡ ಏರಿತು, ಅಂದ್ರೆ ರಿಂಗ್ ಸವೆದಿದೆ. "ಈ ಎಂಜಿನ್ ಬಿಚ್ಚೇ ಇಲ್ಲ ಸರ, ಗಟ್ಟಿ ಆಯಿಲ್ ಹಾಕಿ ಕೊಟ್ಟಾರ" ಅಂದ್ರು. ಗಟ್ಟಿ ಆಯಿಲ್ ಹಾಕಿದರೆ ಸ್ವಲ್ಪ ದಿನ ಹೊಗೆ ಅಡಗುತ್ತೆ ಅಷ್ಟೇ.

ಮೊದಲಿನ ಮಿಸ್ತ್ರಿಗೆ ಇದನ್ನು ಹೇಳಿದ ಮೇಲೆ ಅವನ ಮಾತು ಬದಲಾಯಿತು. ಮೊದಲು "ನೀವು ಓಡಸೂದ ಸರಿ ಇಲ್ರಿ" ಅಂದ. ಆಮೇಲೆ "ನಾ ಎಲ್ಲಿ ಬಿಲ್ ಕೊಟ್ಟೀನಿ, ಅದು ಚೀಟಿ" ಅಂದ. ಕಡೆಗೆ "ಐದ ಸಾವಿರ ಕೊಡ್ತೀನಿ, ಮುಗಸ್ರಿ" ಅಂದ. ತಪ್ಪಾಯ್ತು ಅನ್ನೋ ಒಂದು ಮಾತಿಲ್ಲ! ಈಗ ಫೋನೂ ಎತ್ತೋದಿಲ್ಲ.

ಹಾಗಾಗಿ ಹೇಳ್ತಿದ್ದೀನಿ. ಎಂಜಿನ್ ತೋರಿಸಿದ ದಿನವೇ ಅದರ ನಂಬರ್ ಫೋಟೋ ತೆಗೆದುಕೊಳ್ಳಿ. ಆ ಗಾಡಿಯ ಆರ್‌ಸಿ ಪ್ರತಿ ಇಲ್ಲದೆ ಅಡ್ವಾನ್ಸ್ ಕೊಡಬೇಡಿ. ಇಳಿಸೋ ದಿನ, ಕೂರಿಸೋ ದಿನ ನೀವೇ ನಿಂತಿರಿ. ಹಳೇ ಎಂಜಿನ್ ನಿಮ್ಮ ಕಣ್ಣೆದುರು ನೆಲದ ಮೇಲೆ ಇರಬೇಕು. ಗುಜರಿಗೆ ನಾನೇ ಹಾಕ್ತೀನಿ ಅಂದ್ರೆ ಬೇಡ ಅನ್ನಿ. ಹೊಸದಾಗಿ ಬಣ್ಣ ಹೊಡೆದ ಎಂಜಿನ್ ಕಂಡರೆ ಮೊದಲು ನಂಬರ್ ಜಾಗ ತಿಕ್ಕಿ ನೋಡಿ.

ನಾನು ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡ್ತಿದ್ದೀನಿ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ, 2 ವರ್ಷದೊಳಗೆ ಕೊಡಬೇಕು. ಫೋನ್‌ಪೇ ಮಾಡಿದ ದಾಖಲೆ ಇದೆ, ಅವನ ಕೈಬರಹದ ಚೀಟಿಯೂ ಇದೆ. ನಿಮಗೂ ಹೀಗೇ ಆಗಿದ್ದರೆ ನನಗೆ ತಿಳಿಸಿ. ಚೀಟಿ ಮಾತ್ರ ಎಸೀಬೇಡಿ.