ಆಸ್ತಮಾ ಇನ್‌ಹೇಲರಿಗೆ ಸ್ಪೇಸರ್: ಕವಾಟವಿರುವುದನ್ನೇ ಕೊಳ್ಳಿ

ಒತ್ತಿದರೆ ಮದ್ದು ಚಿಮ್ಮುವ ಬಗೆಯ ಇನ್‌ಹೇಲರ್ ಬಳಸುವವರು ಯಾರೇ ಆಗಲಿ, ಅದರ ಜೊತೆಗೆ ಒಂದು ಸ್ಪೇಸರನ್ನೂ, ಅಂದರೆ ಇನ್‌ಹೇಲರಿಗೂ ಬಾಯಿಗೂ ನಡುವೆ ಇಡುವ ಕೊಳವೆಯನ್ನೂ ಕೊಳ್ಳಬೇಕು, ಅದೂ ಉಸಿರೆಳೆದಾಗ ಮಾತ್ರ ತೆರೆಯುವ ಕವಾಟವಿರುವುದನ್ನೇ ಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ, ಎಪ್ಪತ್ತು ದಾಟಿದ ನನ್ನ ತಾಯಿಯವರು ಉಬ್ಬಸಕ್ಕಾಗಿ ವರ್ಷಗಳಿಂದ ಇನ್‌ಹೇಲರ್ ಬಳಸುತ್ತಿದ್ದಾರೆ. ಮದ್ದು ಅದೇ, ಪ್ರಮಾಣವೂ ಅದೇ. ನಡುವೆ ಸ್ಪೇಸರ್ ಬಂದ ಮೇಲೆ ಅವರ ಉಸಿರಾಟದಲ್ಲಿ ಕಂಡ ಸುಧಾರಣೆಯೇ ಈ ವಿಮರ್ಶೆಗೆ ಕಾರಣ. ಒಂದು ಕಂಪನಿಯ ಸರಕನ್ನು ಮೆಚ್ಚುವುದಾಗಲಿ ತೆಗಳುವುದಾಗಲಿ ನನ್ನ ಉದ್ದೇಶವಲ್ಲ. ಪಾರದರ್ಶಕವಾದ, ಕವಾಟವಿರುವ, ಬಿಡಿಸಿ ತೊಳೆಯಬಹುದಾದ ಸ್ಪೇಸರುಗಳನ್ನು ಹಲವರು ತಯಾರಿಸುತ್ತಾರೆ. ಇಲ್ಲಿ ಹೇಳುವ ಮಾತುಗಳು ಆ ಬಗೆಗೆ ಒಟ್ಟಾಗಿ ಅನ್ವಯಿಸುತ್ತವೆ.

ನೋಡಲು ಸ್ಪೇಸರಿನಲ್ಲಿ ವಿಶೇಷವೇನೂ ಇಲ್ಲ. ಒಂದು ತುದಿಯಲ್ಲಿ ಇನ್‌ಹೇಲರನ್ನು ಸಿಕ್ಕಿಸುವ ರಬ್ಬರಿನ ರಂಧ್ರ, ಇನ್ನೊಂದು ತುದಿಯಲ್ಲಿ ನಾವು ಬಾಯಿ ಇಡುವ ಭಾಗ, ನಡುವೆ ಖಾಲಿ ಕೊಳವೆ. ಕೆಲಸ ಮಾಡುವುದು ಆ ಖಾಲಿ ಜಾಗವೇ. ಇನ್‌ಹೇಲರಿನ ಡಬ್ಬಿಯನ್ನು ಒತ್ತಿದಾಗ ಮದ್ದು ಬಹಳ ವೇಗವಾಗಿ ಚಿಮ್ಮುವುದರಿಂದ ಅದರ ಬಹುಪಾಲು ಗಂಟಲಿನ ತಿರುವನ್ನು ದಾಟಲಾರದೆ, ನಾಲಗೆಗೂ ಗಂಟಲಿನ ಹಿಂಬದಿಗೂ ಬಡಿದು ಅಲ್ಲಿಯೇ ಉಳಿದುಬಿಡುತ್ತದೆ. ಹೆಚ್ಚಿನ ಇನ್‌ಹೇಲರುಗಳಲ್ಲಿ, ಸರಿಯಾಗಿ ಬಳಸಿದಾಗಲೂ, ಶ್ವಾಸಕೋಶವನ್ನು ಮುಟ್ಟುವುದು ಸುಮಾರು ಶೇಕಡಾ 10ರಿಂದ 20ರಷ್ಟು ಮದ್ದು ಮಾತ್ರ. ಕೊಳವೆಯೊಳಗೆ ಸಾಗುವಾಗ ಈ ವೇಗ ಕುಗ್ಗುತ್ತದೆ, ಮದ್ದನ್ನು ತಳ್ಳುವ ದ್ರವ ಆವಿಯಾಗಿ ಹನಿಗಳು ಕಿರಿದಾಗುತ್ತವೆ, ದಪ್ಪ ಹನಿಗಳು ಗೋಡೆಗೆ ಅಂಟಿಕೊಳ್ಳುತ್ತವೆ, ಶ್ವಾಸನಾಳಗಳ ಒಳಕ್ಕೆ ಇಳಿಯಬಲ್ಲ 1ರಿಂದ 5 ಮೈಕ್ರಾನ್ ಗಾತ್ರದ ಹನಿಗಳು ಮಂಜಿನಂತೆ ತೇಲುತ್ತಾ ಉಸಿರಿನೊಂದಿಗೆ ಒಳಗೆ ಹೋಗುತ್ತವೆ.

ಎರಡನೆಯ ಲಾಭ ಹೊಂದಾಣಿಕೆಯದು. ಬರೀ ಇನ್‌ಹೇಲರ್ ಬಳಸುವಾಗ ಬೆರಳು ಒತ್ತುವ ಕ್ಷಣವೂ ಉಸಿರೆಳೆಯುವ ಕ್ಷಣವೂ ಒಂದೇ ಆಗಿರಬೇಕು. ದಮ್ಮು ಕಟ್ಟಿ ಎದೆ ಏದುತ್ತಿರುವ ಹೊತ್ತಿನಲ್ಲಿ ಆರೋಗ್ಯವಂತ ಕೈಗೂ ಇದು ಸುಲಭವಲ್ಲ. ಸಂಧಿವಾತದಿಂದ ಬಿಗಿದುಹೋಗಿರುವ ಅಮ್ಮನ ಬೆರಳುಗಳಿಗಂತೂ ಡಬ್ಬಿಯನ್ನು ಪೂರ್ತಿಯಾಗಿ ಕೆಳಕ್ಕೆ ಒತ್ತುವುದೇ ಪ್ರಯಾಸ. ಸ್ಪೇಸರ್ ಇದ್ದರೆ ಒತ್ತುವವರು ಒಬ್ಬರು, ಉಸಿರೆಳೆಯುವವರು ಇನ್ನೊಬ್ಬರು ಆಗಬಹುದು. ಮನೆಯಲ್ಲಿ ವೃದ್ಧರನ್ನು ನೋಡಿಕೊಳ್ಳುವವರಿಗೆ ಇದೊಂದೇ ಕಾರಣ ಸಾಕು.

ನಮ್ಮಲ್ಲಿ ಅನುಸರಿಸುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಈ ಉಪಕರಣದ ಬೆಲೆ ತಿಳಿಯುವುದು ಬಳಸುವ ರೀತಿಯಲ್ಲಿ. ಇನ್‌ಹೇಲರಿನ ಮುಚ್ಚಳ ತೆಗೆದು, ಅದರ ಬಾಯಿಯಲ್ಲಿ ಕಸ ಸೇರಿಲ್ಲವೆಂದು ನೋಡಿಕೊಂಡು, ಚೆನ್ನಾಗಿ ಕುಲುಕುತ್ತೇವೆ. ಹೆಚ್ಚಿನವುಗಳಲ್ಲಿ ಮದ್ದಿನ ನುಣುಪಾದ ಪುಡಿ ದ್ರವದಲ್ಲಿ ಬೆರೆತಿರುವುದರಿಂದ, ಕುಲುಕದಿದ್ದರೆ ಪ್ರಮಾಣ ಏರುಪೇರಾಗುತ್ತದೆ. ಅಮ್ಮ ಬೆನ್ನು ನೇರವಾಗಿಸಿ ಕುಳಿತು, ಉಸಿರನ್ನು ನಿಧಾನವಾಗಿ ಹೊರಬಿಟ್ಟು, ಸ್ಪೇಸರಿನ ಬಾಯಿಯನ್ನು ಹಲ್ಲುಗಳ ನಡುವೆ ಇಟ್ಟು ತುಟಿಗಳನ್ನು ಬಿಗಿಯಾಗಿ ಮುಚ್ಚುತ್ತಾರೆ. ನಾನು ಒಂದು ಬಾರಿ ಮಾತ್ರ ಒತ್ತುತ್ತೇನೆ. ಕೊಳವೆಯೊಳಗೆ ಬೆಳ್ಳಗಿನ ಆವಿ ತುಂಬುತ್ತದೆ. ಅವರು ತಡಮಾಡದೆ, ಆದರೆ ಅವಸರವೂ ಇಲ್ಲದೆ, ಮೂರರಿಂದ ಐದು ಸೆಕೆಂಡು ಉಸಿರನ್ನು ಆಳವಾಗಿ ಎಳೆದು, ಹತ್ತು ಸೆಕೆಂಡಿನವರೆಗೆ ಸಾಧ್ಯವಾದಷ್ಟು ಹೊತ್ತು ಹಿಡಿದಿಡುತ್ತಾರೆ. ಉಬ್ಬಸ ಹೆಚ್ಚಿದ್ದು ಉಸಿರು ಹಿಡಿದಿಡಲು ಆಗದ ದಿನಗಳಲ್ಲಿ, ಬಾಯಿಯಿಂದ ಸ್ಪೇಸರ್ ತೆಗೆಯದೆಯೇ ಐದಾರು ಸಾಮಾನ್ಯ ಉಸಿರುಗಳನ್ನು ಎಳೆದು ಬಿಟ್ಟರೂ ಮದ್ದು ಒಳಗೆ ಹೋಗುತ್ತದೆ. ಉಸಿರೆಳೆದಾಗ ಸಿಲಿಕೋನಿನ ತೆಳುವಾದ ಕವಾಟ ಎಲೆಯಂತೆ ತೆರೆದುಕೊಂಡು, ಬಿಟ್ಟಾಗ ಮತ್ತೆ ಮುಚ್ಚಿಕೊಳ್ಳುವುದನ್ನು ಪಕ್ಕದಲ್ಲಿ ಕುಳಿತವರು ಕಣ್ಣಾರೆ ನೋಡಬಹುದು. ಪಾರದರ್ಶಕವಾದುದನ್ನೇ ಕೊಳ್ಳಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ: ಕವಾಟ ಅಲುಗಾಡುತ್ತಿದೆ ಎಂದರೆ ಮದ್ದು ಹೋಗುತ್ತಿದೆ ಎಂದು ಖಾತ್ರಿಯಾಗುತ್ತದೆ.

ವೈದ್ಯರು ಎರಡು ಬಾರಿ ಎಂದು ಬರೆದಿದ್ದರೆ ಎರಡನ್ನೂ ಒಟ್ಟಿಗೆ ಕೊಳವೆಯೊಳಗೆ ಒತ್ತಿಬಿಡುವ ರೂಢಿ ನಮ್ಮ ಸುತ್ತಮುತ್ತ ಬಹಳವಾಗಿದೆ. ಹಾಗೆ ಮಾಡಿದರೆ ಹನಿಗಳು ಒಂದಕ್ಕೊಂದು ಕೂಡಿಕೊಂಡು ದಪ್ಪವಾಗಿ ಗೋಡೆಗೆ ಅಂಟಿ, ಕೊನೆಗೆ ಉಸಿರಿಗೆ ಸಿಗುವ ಮದ್ದು ಕಡಿಮೆಯಾಗುತ್ತದೆ. ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿ, ಎರಡನೆಯದನ್ನು ಬೇರೆಯಾಗಿಯೇ ತೆಗೆದುಕೊಳ್ಳಬೇಕು.

ಕವಾಟವಿಲ್ಲದ ಸರಳ ಕೊಳವೆಗಳೂ ಅಂಗಡಿಗಳಲ್ಲಿವೆ. ಅವು ಸ್ವಲ್ಪ ಅಗ್ಗ. ಅವುಗಳಲ್ಲಿ ಬಾಯಿಟ್ಟುಕೊಂಡೇ ಉಸಿರು ಬಿಟ್ಟರೆ ಒಳಗಿನ ಮದ್ದೆಲ್ಲ ಹಿಂದಕ್ಕೆ ತಳ್ಳಿಹೋಗುತ್ತದೆ. ಉಸಿರಾಟದ ಮೇಲೆ ಚೆನ್ನಾಗಿ ಹಿಡಿತವಿರುವ ವಯಸ್ಕರಿಗೆ ಅವು ನಡೆಯಬಹುದು, ಮಕ್ಕಳಿಗೂ ವೃದ್ಧರಿಗೂ ಸಲ್ಲವು. ಬೆಲೆಯ ವ್ಯತ್ಯಾಸವನ್ನು ನೋಡಿ ಅಗ್ಗದ್ದನ್ನು ಆರಿಸಿದರೆ, ಪ್ರತಿ ತಿಂಗಳೂ ದುಡ್ಡು ಕೊಟ್ಟು ತರುವ ಇನ್‌ಹೇಲರಿನ ಮದ್ದು ಪೋಲಾಗುತ್ತದೆ. ಇನ್ನೊಂದು ವಿಷಯವನ್ನೂ ಇಲ್ಲಿಯೇ ಹೇಳಬೇಕು. ನಮ್ಮ ಭಾಗದಲ್ಲಿ ಕ್ಯಾಪ್ಸೂಲ್ ಹಾಕಿ ತಿರುಗಿಸಿ ಎಳೆಯುವ ರೋಟಾಹೇಲರ್ ಬಳಸುವವರು ಅನೇಕರಿದ್ದಾರೆ. ಅದು ಪುಡಿಯ ಇನ್‌ಹೇಲರ್. ಜೋರಾಗಿ ಎಳೆಯುವ ಉಸಿರಿನ ಬಲದಿಂದಲೇ ಅದರ ಮದ್ದು ಹೊರಬರುತ್ತದೆ. ಅದಕ್ಕೆ ಸ್ಪೇಸರ್ ಬೇಕಿಲ್ಲ, ಸಿಕ್ಕಿಸಿದರೂ ಪ್ರಯೋಜನವಿಲ್ಲ. ಎಳೆಯುವ ಶಕ್ತಿ ಕುಂದಿದವರಿಗೆ ಪುಡಿಯ ಬದಲು ಒತ್ತುವ ಇನ್‌ಹೇಲರ್ ಮತ್ತು ಸ್ಪೇಸರ್ ಆಗಬಹುದೇ ಎಂದು ವೈದ್ಯರಲ್ಲಿ ಕೇಳುವುದು ಒಳ್ಳೆಯದು.

ಈ ಉಪಕರಣದ ಅತಿ ಸೂಕ್ಷ್ಮವಾದ ಸಂಗತಿ ತೊಳೆಯುವುದು. ಸಾಮಾನ್ಯ ಪ್ಲಾಸ್ಟಿಕ್ಕಿನಲ್ಲಿ ಸ್ಥಿರ ವಿದ್ಯುತ್ತು ಸೇರಿಕೊಂಡು ಮದ್ದಿನ ಕಣಗಳನ್ನು ಗೋಡೆಗೆ ಸೆಳೆದುಕೊಳ್ಳುತ್ತದೆ. ಒಣಬಟ್ಟೆಯಿಂದ ಉಜ್ಜಿದಷ್ಟೂ ಅದು ಹೆಚ್ಚುತ್ತದೆ. ಪಾತ್ರೆ ಒರೆಸಿ ಒಳಗಿಡುವ ಶಿಸ್ತಿನ ಮನೆಗಳಲ್ಲಿ ಸ್ಪೇಸರನ್ನೂ ಹಾಗೆಯೇ ಫಳಫಳನೆ ಒರೆಸಿಡುತ್ತಾರೆ, ಅದರಿಂದ ಹಾನಿಯೇ ಆಗುತ್ತದೆ. ಸರಿಯಾದ ಕ್ರಮವೆಂದರೆ, ಹೊಸದನ್ನು ಬಳಸುವ ಮೊದಲೊಮ್ಮೆ ಮತ್ತು ಆಮೇಲೆ ತಿಂಗಳಿಗೊಮ್ಮೆ (ಕೆಲವು ತಯಾರಕರು ವಾರಕ್ಕೊಮ್ಮೆ ಎನ್ನುತ್ತಾರೆ), ಭಾಗಗಳನ್ನು ಬಿಡಿಸಿ, ಪಾತ್ರೆ ತೊಳೆಯುವ ದ್ರವದ ಕೆಲವು ಹನಿಗಳನ್ನು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಉಜ್ಜದೆ ಅಲುಗಾಡಿಸಿ ತೆಗೆಯಬೇಕು. ಬಾಯಿಗೆ ತಾಗುವ ಭಾಗದಲ್ಲಿ ಸಾಬೂನು ಉಳಿಯಬಾರದು. ಕೊಳವೆಯ ಒಳಗೆ ಅದರ ತೆಳುವಾದ ಪದರ ಉಳಿದರೆ ಸ್ಥಿರ ವಿದ್ಯುತ್ತನ್ನು ತಡೆಯಲು ಅದೇ ನೆರವಾಗುತ್ತದೆ. ಬಟ್ಟೆ ಮುಟ್ಟಿಸದೆ, ನೆಟ್ಟಗೆ ನಿಲ್ಲಿಸಿ, ಗಾಳಿಗೆ ಒಣಗಬಿಡಬೇಕು. ಸ್ಥಿರ ವಿದ್ಯುತ್ತು ಹಿಡಿಯದ ವಿಶೇಷ ಪ್ಲಾಸ್ಟಿಕ್ಕಿನವೂ ಸಿಗುತ್ತವೆ, ಸಿಕ್ಕರೆ ಅವನ್ನೇ ಆರಿಸಬಹುದು.

ಬೇಸಗೆಯಲ್ಲಿ ಇದು ಕಷ್ಟವಲ್ಲ. ಆಟಿ ತಿಂಗಳ ಮಳೆಯಲ್ಲಿ, ಗೋಡೆಗಳಿಗೆ ಬೂಷ್ಟು ಹಿಡಿದು ಅಮ್ಮನ ಉಬ್ಬಸ ಹೆಚ್ಚುವ ಕಾಲದಲ್ಲಿಯೇ, ತೊಳೆದ ಸ್ಪೇಸರ್ ಒಣಗಲು ಒಂದು ಹಗಲೂ ಒಂದು ರಾತ್ರಿಯೂ ಸಾಲದು. ಬೇಗ ಒಣಗಲೆಂದು ಬಚ್ಚಲೊಲೆಯ ಹತ್ತಿರ ಇಟ್ಟರೆ ಬಿಸಿಗೆ ಪ್ಲಾಸ್ಟಿಕ್ಕೂ ಕವಾಟವೂ ಸೊಟ್ಟಗಾಗುವ ಸಂಭವವಿದೆ, ಹೊಗೆಯೂ ಹಿಡಿಯುತ್ತದೆ. ಆದ್ದರಿಂದ ಕರಾವಳಿಯವರು ಎರಡು ಸ್ಪೇಸರುಗಳನ್ನು ಇಟ್ಟುಕೊಳ್ಳುವುದು ಅಗತ್ಯ ಎಂದೇ ನಾನು ಹೇಳುತ್ತೇನೆ. ಒಂದು ಒಣಗುತ್ತಿರುವಾಗ ಇನ್ನೊಂದು ಕೈಗೆ ಸಿಗುವಂತಿರಬೇಕು. ಕವಾಟ ಬಿರುಸಾದರೆ, ಅಂಚು ಮಡಚಿಕೊಂಡರೆ, ಕೊಳವೆಯಲ್ಲಿ ಸೀಳು ಕಂಡರೆ ಬದಲಾಯಿಸಲೇಬೇಕು. ಕಾಣುವ ದೋಷವಿಲ್ಲದಿದ್ದರೂ ವರ್ಷಕ್ಕೊಮ್ಮೆಯಾದರೂ ಹೊಸದು ತರುವುದು ಒಳಿತು.

ನನ್ನ ದೂರು ಇರುವುದು ಮಾಹಿತಿಯ ಬಗ್ಗೆ. ನಮ್ಮ ಕೈಗೆ ಬಂದ ಪೆಟ್ಟಿಗೆಯ ಒಳಗಿನ ಸೂಚನಾಪತ್ರದಲ್ಲಿ ಕನ್ನಡದ ಒಂದು ಸಾಲೂ ಇರಲಿಲ್ಲ. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹಿರಿಯರು ಮಲಯಾಳವನ್ನು ಮಾತಿನಲ್ಲಿ ಅರ್ಥಮಾಡಿಕೊಂಡರೂ ಓದಲಾರರು. ಇಂಗ್ಲಿಷ್ ಎಲ್ಲರಿಗೂ ಬಾರದು. ಒಂದು ಹೆಜ್ಜೆ ತಪ್ಪಿದರೆ ಮದ್ದೇ ವ್ಯರ್ಥವಾಗುವ ಉಪಕರಣಕ್ಕೆ ಓದಲಾಗದ ಸೂಚನೆ ಇದ್ದೂ ಇಲ್ಲದಂತೆಯೇ. ಹಾಗಾಗಿ ಬಳಸುವ ಕ್ರಮವನ್ನು ಯಾರಾದರೂ ಕೈಯಲ್ಲಿ ಹಿಡಿದು ತೋರಿಸಲೇಬೇಕು. ಕೇರಳದ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಉಸಿರಾಟದ ರೋಗಿಗಳಿಗಾಗಿ ‘ಶ್ವಾಸ್’ ಕ್ಲಿನಿಕ್ಕುಗಳಿವೆ. ಅಲ್ಲಿಗೆ ಹೋಗುವಾಗ ಸ್ವಂತ ಇನ್‌ಹೇಲರನ್ನೂ ಸ್ಪೇಸರನ್ನೂ ಕೊಂಡೊಯ್ದು, ಅಲ್ಲಿನ ಸಿಬ್ಬಂದಿಯ ಎದುರಿನಲ್ಲಿಯೇ ಬಳಸಿ ತೋರಿಸಿ, ಸರಿಯಿದೆಯೇ ಎಂದು ಕೇಳಬಹುದು.

ದಮ್ಮು ಹೆಚ್ಚಾದರೆ ‘ಆವಿ ಹಿಡಿಯಲು’ ಆಸ್ಪತ್ರೆಗೆ ಓಡುವುದು, ಅಂದರೆ ಯಂತ್ರದಿಂದ ಮದ್ದನ್ನು ಮಂಜಾಗಿಸಿ ಉಸಿರಾಡಿಸುವ ನೆಬ್ಯುಲೈಸರ್ ಹಾಕಿಸಿಕೊಳ್ಳುವುದು, ನಮ್ಮ ಜನರಿಗೆ ಬಹಳ ನಂಬಿಕೆಯ ಕ್ರಮ. ಆದರೆ ಆಸ್ತಮಾ ಉಲ್ಬಣಿಸಿದಾಗ ಸ್ಪೇಸರ್ ಮತ್ತು ನೆಬ್ಯುಲೈಸರುಗಳನ್ನು ಹೋಲಿಸಿದ 39 ಪ್ರಯೋಗಗಳನ್ನು ವೈದ್ಯಕೀಯ ಪ್ರಯೋಗಗಳನ್ನು ಕಲೆಹಾಕಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2013ರ ಪರಿಶೀಲನೆ ಒಟ್ಟಾಗಿ ನೋಡಿದಾಗ, ಪ್ರಾಣಾಪಾಯದ ಸ್ಥಿತಿಯಲ್ಲಿಲ್ಲದ ರೋಗಿಗಳಲ್ಲಿ ಆಸ್ಪತ್ರೆಗೆ ದಾಖಲಾಗುವ ಪ್ರಮಾಣದಲ್ಲಿ ನೆಬ್ಯುಲೈಸರಿನ ಮೇಲುಗೈ ಕಾಣಿಸಲಿಲ್ಲ. ಮಕ್ಕಳಲ್ಲಂತೂ ಸ್ಪೇಸರ್ ಬಳಸಿದವರ ಎದೆಬಡಿತ ಅಷ್ಟು ಏರಿರಲಿಲ್ಲ. ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ 500 ಮಿಲಿಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ರಂಧ್ರ ಮಾಡಿ, ಇನ್‌ಹೇಲರನ್ನು ಗಾಳಿ ಸೋರದಂತೆ ಕೂರಿಸಿ, ಅದು ಸಿದ್ಧ ಸ್ಪೇಸರಿಗೆ ಸಮನಾಗಿ ಮಕ್ಕಳಿಗೆ ಉಪಶಮನ ಕೊಡುತ್ತದೆ ಎಂದು ವೈದ್ಯರು 1999ರಲ್ಲಿಯೇ ತೋರಿಸಿದ್ದಾರೆ. ಸ್ಪೇಸರಿನ ಶಕ್ತಿ ದುಬಾರಿ ತಂತ್ರಜ್ಞಾನದಲ್ಲಿ ಇಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ. ಕರೆಂಟು ಹೋದ ಮಳೆಗಾಲದ ರಾತ್ರಿಯಲ್ಲಿ, ಆಸ್ಪತ್ರೆ ದೂರವಿರುವ ತೋಟದ ಮನೆಗಳಲ್ಲಿ, ಇದರ ಮಹತ್ವ ಇನ್ನೂ ಹೆಚ್ಚು. ಹಾಗೆಂದು, ಮಾತನಾಡಲೂ ಆಗದಷ್ಟು ದಮ್ಮು ಕಟ್ಟಿದರೆ ಅಥವಾ ಮದ್ದು ಕೊಟ್ಟರೂ ಇಳಿಯದಿದ್ದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೊರಡಬೇಕು. ದಾರಿಯಲ್ಲಿಯೂ ಸ್ಪೇಸರ್ ಜೊತೆಗಿರಲಿ.

ದಿನನಿತ್ಯದ ತಡೆಮದ್ದಿಗೂ ಸ್ಪೇಸರ್ ಅಷ್ಟೇ ಉಪಯುಕ್ತ. ಶ್ವಾಸನಾಳದ ಊತವನ್ನು ತಗ್ಗಿಸುವ ಸ್ಟೀರಾಯ್ಡ್ ಗಂಟಲಿನಲ್ಲಿ ಉಳಿದರೆ ಸ್ವರ ಒಡೆಯಬಹುದು, ಬಾಯಿಯಲ್ಲಿ ಬಿಳಿಯ ಶಿಲೀಂಧ್ರ ಬೆಳೆಯಬಹುದು. ಸಂಜೆಯ ಭಜನೆಗೆ ಸ್ವರ ಏಳುವುದಿಲ್ಲವೆಂದು ಅಮ್ಮ ಆ ಮದ್ದನ್ನು ದೂರವಿಡುತ್ತಿದ್ದರು. ಸ್ಪೇಸರ್ ಬಳಕೆ ಮತ್ತು ಪ್ರತಿ ಬಾರಿ ಬಾಯಿ ಮುಕ್ಕಳಿಸಿ ಉಗುಳುವ ಅಭ್ಯಾಸ ಸೇರಿದ ಮೇಲೆ ಆ ತೊಂದರೆ ಬಹುಮಟ್ಟಿಗೆ ನೀಗಿದೆ, ಮದ್ದೂ ತಪ್ಪದೆ ನಡೆಯುತ್ತಿದೆ. ಅಡಿಕೆ ಸುಲಿಯುವ ಕಾಲದ ಧೂಳಿಗೆ ಅವರು ಈಗ ಮೊದಲಿನಷ್ಟು ಹೆದರುವುದಿಲ್ಲ.

ಕೊಳ್ಳಲು ಹೋಗುವಾಗ ನಿಮ್ಮ ಇನ್‌ಹೇಲರನ್ನು ಜೊತೆಗೆ ಒಯ್ದು, ಅಂಗಡಿಯಲ್ಲಿಯೇ ಸಿಕ್ಕಿಸಿ, ಸಡಿಲವಿಲ್ಲದೆ ಕೂರುತ್ತದೆಯೇ ಎಂದು ನೋಡಿ. ಸುಮಾರು 750 ಮಿಲಿಲೀಟರಿನ ದೊಡ್ಡವು ಮನೆಗೆ ಸರಿ. ಅದರ ಕಾಲುಭಾಗಕ್ಕಿಂತಲೂ ಕಡಿಮೆ ಗಾತ್ರದವು ಚೀಲದಲ್ಲಿ ಹಿಡಿಯುತ್ತವೆ, ಮಂಗಳೂರಿಗೋ ಮದುವೆಮನೆಗೋ ಹೋಗುವಾಗ ಅವೇ ಅನುಕೂಲ. ಬಾಯಲ್ಲಿ ಕಚ್ಚಿ ಹಿಡಿಯಲಾರದ ಸಣ್ಣ ಮಕ್ಕಳಿಗೆ ಮಾಸ್ಕ್ ಜೋಡಿಸಬಹುದಾದ ಸ್ಪೇಸರನ್ನೇ ಕೇಳಿ. ಮಾಸ್ಕಿನ ಅಂಚು ಮೂಗು ಬಾಯಿಗಳ ಸುತ್ತ ಪೂರ್ತಿ ಒತ್ತಿಕೊಂಡಿರಬೇಕು, ಸ್ವಲ್ಪ ಸಂದು ಉಳಿದರೂ ಮಗುವಿಗೆ ಸಿಗಬೇಕಾದ ಮದ್ದು ಹೊರಗೆ ಹೋಗುತ್ತದೆ.